ಪನ್ನೀರು ಗುಲಾಬಿಗೆ ಇಲ್ಲದ ರೋಗ

ನಾನು ಸೇವೆಯಿಂದ ನಿವೃತ್ತಳಾದಾಗ ನನಗೆ ಹದಿನೆಂಟು ವರ್ಷ ನಾಲ್ಕು ತಿಂಗಳು. ನಗಬೇಡಿ. ನಿವೃತ್ತರಿಗೆ ಇರಬೇಕಾದ್ದೆಲ್ಲ ನನಗಿದೆ: ಬೆಳಿಗ್ಗೆ ಐದಕ್ಕೆ ತಾನಾಗಿಯೇ ಬಿಟ್ಟುಕೊಳ್ಳುವ ಕಣ್ಣು, ಎದ್ದ ಮೇಲೆ ಎಲ್ಲಿಗೂ ಹೋಗಬೇಕಾಗಿಲ್ಲ ಅನ್ನುವ ನೆನಪು, ಬಲಗೈ ಹೆಬ್ಬೆರಳಿನೊಳಗೆ ಮುರಿದು ಉಳಿದ ಒಂದು ಮುಳ್ಳಿನ ತುದಿ, ಅದನ್ನು ಪಿಂಚಣಿ ಅಂತ ಇಟ್ಟುಕೊಂಡಿದ್ದೇನೆ. ಇದರ ಜೊತೆಗೆ, ಕೇಳುವವರು ಇರಲಿ ಬಿಡಲಿ, ನಮ್ಮ ಕಾಲದಲ್ಲಿ ಹೇಗಿತ್ತು ಗೊತ್ತಾ ಅಂತ ಶುರು ಮಾಡುವ ಚಟ. ಈ ವೃತ್ತಿಗೆ ಮುಂದೆ ಬರಲಿರುವ ಕಿರಿಯರಿಗಾಗಿ ಬರೆಯುತ್ತಿದ್ದೇನೆ. ಯಾರೂ ಬರದಿದ್ದರೆ ನನ್ನ ತಪ್ಪಲ್ಲ.

ಕೆಲಸ ಇಷ್ಟೆ. ಒಂಟಿಕೊಪ್ಪಲಿನ ಒಂದು ಮನೆಯ ತಾರಸಿಯಲ್ಲಿ ಕುಂಡಗಳಲ್ಲಿದ್ದ ಇಪ್ಪತ್ತೆಂಟು ಗುಲಾಬಿ ಗಿಡಗಳನ್ನು, ಒಂದು ತೊಟ್ಟು ಔಷಧಿಯನ್ನೂ ಹೊಡೆಯದೆ, ಮಳೆ ಮಂಜು ಎರಡರಲ್ಲೂ ಉಳಿಸಿಕೊಳ್ಳುವುದು. ಈ ಹುದ್ದೆಗೆ ಹೆಸರಿರಲಿಲ್ಲ. ನಾನೇ ಇಟ್ಟುಕೊಂಡೆ, ಮೇಲ್ವಿಚಾರಕಿ. ಮೇಲೆ ಇರುತ್ತಿದ್ದೆ, ವಿಚಾರಿಸುತ್ತಿದ್ದೆ. ಕೈಕೆಳಗೆ ಯಾರೂ ಇರಲಿಲ್ಲ, ಕಾಲಕೆಳಗೆ ಮಾತ್ರ ಇಡೀ ಒಂದು ಮನೆ ಇತ್ತು.

ನನ್ನ ಹೆಸರು ಸಿಂಚನ. ಅಪ್ಪ ಅಮ್ಮ ಹೆಸರಿಡುವಾಗ ನನ್ನ ವೃತ್ತಿಜೀವನದ ಬಗ್ಗೆ ಯೋಚಿಸಲಿಲ್ಲ. ಸಿಂಚನ ಅಂದರೆ ನೀರು ಚಿಮುಕಿಸುವುದು. ಗುಲಾಬಿ ಗಿಡಕ್ಕೆ ಮಾಡಲೇಬಾರದ ಮೊದಲನೆಯ ಕೆಲಸ ಅದೇ. ಎಲೆ ಒದ್ದೆಯಾಗಿ ಆರದೆ ಉಳಿಯಿತೋ, ರೋಗಕ್ಕೆ ಚಾಪೆ ಹಾಸಿ ಕೂರಿಸಿದ ಹಾಗೆ. ಹೀಗಾಗಿ ಕೆಲಸಕ್ಕೆ ಸೇರಿದ ದಿನವೇ ನನ್ನ ಹೆಸರು ಕೇಳಿ ಯಜಮಾನತಿ ಗಿರಿಜಾ ಆಂಟಿ ಐದು ನಿಮಿಷ ನಕ್ಕರು. “ಗುಲಾಬಿ ತೋಟಕ್ಕೆ ಸಿಂಚನ ಬಂದವಳೆ ಕಣ್ರೀ” ಅಂತ ಗಂಡನಿಗೂ ಕೂಗಿ ಹೇಳಿದರು.

ಗಿರಿಜಾ ಆಂಟಿಗೆ ಐವತ್ತರ ಮೇಲೆ ಒಂದೆರಡು ವರ್ಷ. ಗಂಡ ನಂಜುಂಡಪ್ಪ ಅಂಕಲ್‌ಗೆ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಆ ಗಿಡಗಳನ್ನೆಲ್ಲ ಆಂಟಿಯೇ ಬೆಳೆಸಿದ್ದು. ಒಂದು ದಿನ ತಾರಸಿಯಿಂದ ಇಳಿಯುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಂಡಿ ಮುರಿಯಿತು. ಮಂಡಿಗೆ ಪ್ಲೇಟು ಹಾಕಿ ಡಾಕ್ಟರು ಕೂಡಿಸಿದರು, ಧೈರ್ಯಕ್ಕೆ ಹಾಕುವ ಪ್ಲೇಟು ಅವರ ಹತ್ತಿರ ಇರಲಿಲ್ಲ. ನಡೆಯಬಹುದು ಅಂದರು, ಆಂಟಿ ನಡೆದರು. ಮೆಟ್ಟಿಲು ಹತ್ತಬಹುದು ಅಂದರು, ಆಂಟಿ ಆ ಮಾತು ಕೇಳಿಸದವರ ಹಾಗೆ ಇದ್ದುಬಿಟ್ಟರು.

ನಮ್ಮ ಮನೆ ಕೆಸರೆಯಲ್ಲಿ. ಅಮ್ಮ ಒಂಟಿಕೊಪ್ಪಲಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಯಾರೋ ಅವಳ ಹತ್ತಿರ ಆಂಟಿಯ ವಿಷಯ ಹೇಳಿದರು, ಅವಳು ನನ್ನ ವಿಷಯ ಹೇಳಿದಳು. ಆಗ ನಾನು ಮೊದಲ ಪಿಯುಸಿ. ಬೆಳಿಗ್ಗೆ ಅಮ್ಮನ ಜೊತೆ ಮೊದಲ ಬಸ್ಸು ಹತ್ತಿ ಬಂದು, ಎರಡು ಗಂಟೆ ಗಿಡ ನೋಡಿ, ಕಾಲೇಜಿಗೆ ಹೋಗುವುದು. ನನಗೆ ತೋಟಗಾರಿಕೆ ಗೊತ್ತೇ ಅಂತ ಆಂಟಿ ಫೋನಿನಲ್ಲಿ ಕೇಳಿದಾಗ ಅಮ್ಮ ನನ್ನ ಮುಖ ನೋಡಿದಳು. ನಾನು, “ನಾವು ಹೊಲ ಮಾಡಿದೋರು ಆಂಟಿ” ಅಂದೆ. ಹೊಲ ಮಾಡಿದ್ದು ನಮ್ಮ ತಾತ. ನಾನು ಹೊಲ ನೋಡಿದ್ದು ಬಸ್ಸಿನ ಕಿಟಕಿಯಿಂದ.

ಈ ಕೆಲಸದ ರೀತಿ ಬೇರೆಲ್ಲೂ ಇರಲಾರದು. ತಾರಸಿಗೆ ಹೊರಗಿನಿಂದಲೇ ಮೆಟ್ಟಿಲು. ಗೇಟು ತೆಗೆದು ನೇರ ಮೇಲೆ ಹೋಗುವುದು. ಆಂಟಿ ಕೆಳಗೆ ಮುಂದಿನ ಕೋಣೆಯಲ್ಲಿ, ನಾನು ಅವರ ತಲೆಯ ಮೇಲೆ. ನಡುವೆ ಒಂದು ಕಾಂಕ್ರೀಟು. ಆರೂವರೆಗೆ ಆಂಟಿ ಫೋನು ಮಾಡುತ್ತಿದ್ದರು. ನಾನು ಸ್ಪೀಕರ್ ಹಾಕಿ ಫೋನನ್ನು ಜೇಬಿಗೆ ಇಳಿಬಿಟ್ಟು, ಒಂದೊಂದೇ ಗಿಡದ ಮುಂದೆ ಕೂತು ವರದಿ ಒಪ್ಪಿಸುತ್ತಿದ್ದೆ. ಆಂಟಿಯದು ಗುಂಡಿ ಒತ್ತುವ ಹಳೆಯ ಫೋನು, ಫೋಟೋ ಕಳಿಸುವ ಮಾತೇ ಇಲ್ಲ. ನನ್ನ ಬಾಯೇ ಕ್ಯಾಮೆರಾ. ಕೊನೆಗೆ ಹೂ ಬಿಡಿಸಿಕೊಂಡು ಕೆಳಗೆ ಬಂದು, ಕಿಟಕಿಯ ಸರಳಿನ ಹತ್ತಿರ ತಟ್ಟೆ ಹಿಡಿದರೆ ಒಳಗಿನಿಂದ ಒಂದು ಕೈ ಬಂದು ತೆಗೆದುಕೊಳ್ಳುತ್ತಿತ್ತು. ಆಗ ಅವರು ಸ್ನಾನ ಮಾಡಿ ಮಡಿಯಲ್ಲಿ ಇರುತ್ತಿದ್ದರಿಂದ ನಾನು ಒಳಗೆ ಹೋಗುತ್ತಿರಲಿಲ್ಲ. ಹೀಗೆ ನನ್ನ ಮೇಲಧಿಕಾರಿಯ ಬಗ್ಗೆ ಬಹಳ ದಿನ ನನಗೆ ಗೊತ್ತಿದ್ದದ್ದು ಎರಡೇ, ಒಂದು ಧ್ವನಿ ಮತ್ತು ಒಂದು ಮುಂಗೈ.

ಔಷಧಿ ಯಾಕೆ ಹೊಡೆಯಬಾರದು ಅಂತ ಮೊದಲ ವಾರವೇ ಕೇಳಿದೆ. ನರ್ಸರಿಯವನು ಇಪ್ಪತ್ತೆಂಟು ಗಿಡಕ್ಕೂ ಒಂದೇ ಪುಡಿ ಹೇಳಿದ್ದನಂತೆ.

“ನಾವು ಲಿಂಗ ಕಟ್ಕೊಂಡೋರು ಕಣೇ” ಅಂದರು ಆಂಟಿ. “ಸ್ವಾಮಿನ ಅಂಗೈ ಮೇಲೆ ಇಟ್ಕೊತೀವಿ. ಅವನ ಮೇಲೆ ಹೂವಿಡ್ತೀವಿ. ಆಮೇಲೆ ನೀರು ಬಿಟ್ಟು ಅದೇ ನೀರು ಕುಡೀತೀವಿ. ಹೂವಿಗೆ ವಿಷ ಹೊಡೆದ್ರೆ ಯಾರು ಕುಡಿಯೋದು ಹೇಳು? ಮೊದ್ಲು ಅವನು, ಆಮೇಲೆ ನಾನು.”

ಪುಡಿಯ ಮಾತನ್ನು ಅಲ್ಲಿಗೇ ಬಿಟ್ಟೆ.

ಈಗ ನನ್ನ ಮಹಾ ಪ್ರಮಾದ. ಸೇರಿ ಎಂಟು ದಿನ. ದೀಪಾವಳಿ ಕಳೆದು ಬೆಳಿಗ್ಗೆ ಮಂಜು ಇಳಿಯಲು ಶುರುವಾಗಿತ್ತು. ಪೂರ್ವಕ್ಕೆ ಮೂರು ಅಂತಸ್ತಿನ ಪಕ್ಕದ ಮನೆ ಅಡ್ಡ ನಿಂತಿದ್ದರಿಂದ ನಮ್ಮ ತಾರಸಿಗೆ ಸೂರ್ಯ ಕಾಲೇಜಿನ ಪ್ರಿನ್ಸಿಪಾಲರ ಹಾಗೆ ಹತ್ತು ಗಂಟೆಗೆ ಬರುತ್ತಿದ್ದ.

“ಸಿಂಚನಾ, ಗಿಡಕ್ಕೆ ಬೂದಿ ಬಿದ್ದಿದ್ಯಾ ನೋಡೇ” ಅಂದರು ಆಂಟಿ.

ನೋಡಬೇಕಾಗಿಯೇ ಇರಲಿಲ್ಲ. ಮೂರು ದಿನದಿಂದ ನೋಡಿ ಸಂತೋಷಪಡುತ್ತಿದ್ದೆ. ಎಳೆ ಚಿಗುರು, ಮೊಗ್ಗಿನ ಕತ್ತು, ಎಲ್ಲದರ ಮೇಲೂ ಜರಡಿ ಹಿಡಿದು ಉದುರಿಸಿದ ಹಾಗೆ ಬೆಳ್ಳನೆಯ ನಯವಾದ ಪುಡಿ. ನಮ್ಮ ಮನೆಯಲ್ಲಿ ಬದನೆ ಗಿಡಕ್ಕೆ ಹುಳ ಬಿದ್ದರೆ ಅಮ್ಮ ಒಲೆಯ ಬೂದಿ ಹಾಕುತ್ತಾಳೆ. ಈ ಮನೆಯಲ್ಲಂತೂ ಬಾಗಿಲಿನ ಮೇಲೆ, ಗೇಟಿನ ಮೇಲೆ, ಅಂಕಲ್ ಸ್ಕೂಟರಿನ ಹೆಡ್‌ಲೈಟಿನ ಮೇಲೆ ಮೂರು ಬೆರಳಿನ ವಿಭೂತಿ. ಗಿಡಕ್ಕೂ ಬಳಿಸಿದ್ದಾರೆ, ಎಂಥ ಭಕ್ತಿ ಅಂದುಕೊಂಡಿದ್ದೆ.

“ಬಿದ್ದೈತೆ ಆಂಟಿ, ಸಖತ್ತಾಗಿ ಬಿದ್ದೈತೆ. ನೋಡೋಕೆ ಲಕ್ಷಣವಾಗೈತೆ.”

“ಏನಂದೆ? ಎಷ್ಟಕ್ಕೆ ಬಿದ್ದಿದೆ?”

“ಎಲ್ಲಾದಕ್ಕೂ. ಮೂರಕ್ಕೆ ಮಾತ್ರ ಬಿದ್ದಿರ್ಲಿಲ್ಲ, ಪಾಪ. ಪಕ್ಕದ್ ಗಿಡದಿಂದ ಕೊಡವಿ ಅವಕ್ಕೂ ನಾನೇ ಹಾಕ್ಬುಟ್ಟೆ.”

ಜೇಬಿನೊಳಗಿಂದ ಫೋನು ಕಿರುಚಿತು.

“ಏನು ಮಾಡ್ದೆ?”

“ಹಂಚ್ದೆ ಆಂಟಿ. ಒಂದಕ್ಕೈತೆ, ಒಂದಕ್ಕಿಲ್ಲ ಅಂತ ಆಗಬಾರ್ದಲ್ಲ.”

“ಅಯ್ಯೋ ಶಿವನೇ! ಅದು ರೋಗ ಕಣೇ! ಬೂದಿ ರೋಗ!”

“ರೋಗಕ್ಕೆ ಬೂದಿ ಅಂತ ಯಾರು ಹೆಸ್ರಿಟ್ಟೋರು? ನಮ್ಮನೇಲಿ ಬೂದಿ ಅಂದ್ರೆ ಔಸ್ದಿ!”

ಆಂಟಿ ಬೈಯಲು ಬಾಯಿ ತೆಗೆದರು, ನಗು ಬಂತು. ಮೊದಲು ಫೋನಿನಲ್ಲಿ ಬಂತು, ಆಮೇಲೆ ನೆಲದಿಂದಲೇ ಬಂತು. ಹಲ್ಲುಜ್ಜುತ್ತಿದ್ದ ಅಂಕಲ್ ಮಂಡಿ ಮತ್ತೆ ಮುರಿಯಿತು ಅಂದುಕೊಂಡು ನೊರೆ ಸಮೇತ ಓಡಿಬಂದರಂತೆ. ಅವತ್ತು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯನ್ನು, ಮಗುವಿನ ಮೂಗು ಒರೆಸಿದ ಹಾಗೆ, ಆಂಟಿ ನನ್ನ ಕೈಲಿ ಒರೆಸಿದರು. ಕೈಬಿಡಬೇಕಾದ ಚಿಗುರನ್ನು ಕತ್ತರಿಸಿ ಚೀಲಕ್ಕೆ ಹಾಕಿಸಿದರು. ಎಲ್ಲವೂ ಫೋನಿನಲ್ಲೇ. ಮಾತು ಮುಗಿದಾಗ ನಲವತ್ತು ನಿಮಿಷವಾಗಿತ್ತು. ನನ್ನ ಫೋನಿನ ಇತಿಹಾಸದಲ್ಲೇ ಅಷ್ಟು ಉದ್ದದ ಕರೆ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕಾಲೇಜಿನಲ್ಲಿ ಬಹಳ ತಮಾಷೆಯ ಹುಡುಗಿ. ಲೆಕ್ಚರರ ನಡಿಗೆ, ಅಟೆಂಡರ ಕೆಮ್ಮು, ಎಲ್ಲ ಮಾಡಿ ತೋರಿಸುತ್ತೇನೆ. ಎಲ್ಲರೂ ಸುತ್ತ ನಿಂತು ನಗುತ್ತಾರೆ. ಗಂಟೆ ಹೊಡೆದರೆ ಇಬ್ಬಿಬ್ಬರಾಗಿ ಊಟಕ್ಕೆ ಹೋಗುತ್ತಾರೆ. ನಾನು ಯಾರ ಇನ್ನೊಬ್ಬಳೂ ಆಗಿರಲಿಲ್ಲ. ಮನೆಯಲ್ಲಿ ಅಪ್ಪನಿಗೆ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟು, ಅವನು ಮಲಗಿದಾಗ ಸದ್ದು ಮಾಡಬಾರದು, ಎದ್ದ ಮೇಲೆ ಮನೆಯಲ್ಲಿ ಇರುವುದಿಲ್ಲ. ಅಮ್ಮ ಎರಡು ಹೊತ್ತಿನ ಅಡುಗೆ ಮುಗಿಸಿ ಬಂದರೆ ಅವಳ ಬಾಯಿಗೆ ಬೇಕಾದ್ದು ಒಂದು ಲೋಟ ಕಾಫಿ, ನನ್ನ ಮಾತಲ್ಲ. ದಿನಕ್ಕೆ ನಲವತ್ತು ನಿಮಿಷ ನನ್ನ ಮಾತನ್ನು ಕೊನೆಯವರೆಗೆ ಕೇಳಿ, ಆಮೇಲೇನಾಯ್ತು ಅಂತ ಕೇಳುವವರು ನನಗೆ ಸಿಕ್ಕಿದ್ದು ಆ ಕಾಂಕ್ರೀಟಿನ ಕೆಳಗೆ. ಸಂಬಳಕ್ಕಾಗಿ ಕೆಲಸ ಮಾಡಿದೆ ಅಂತ ಹೇಳಿಕೊಳ್ಳುತ್ತಿದ್ದೆ. ಸುಳ್ಳು.

ಕೆಲಸದ ವಿಧಾನಗಳ ಬಗ್ಗೆ ಎರಡು ಮಾತು. ನಾವು ಏನೇನು ಮಾಡಿಲ್ಲ? ಹುಳಿ ಮಜ್ಜಿಗೆಯನ್ನು ನೀರಾಗಿಸಿ ಎಲೆಗೆ ಹೊಡೆದೆವು. ಎರಡು ದಿನಕ್ಕೆ ತಾರಸಿ ಮದುವೆ ಮನೆಯ ಹಿಂಭಾಗದ ವಾಸನೆ ಹೊಡೆಯಿತು, ಪಕ್ಕದ ಮನೆಯ ಬೆಕ್ಕು ಬಂದು ಗಿಡ ಗಿಡ ನೆಕ್ಕಿ ತೇಗಿತು. ಅಡುಗೆ ಸೋಡ ಕರಗಿಸಿ ಹೊಡೆದೆವು, ಆಂಟಿ ಒಂದು ಚಮಚ ಅಂದದ್ದನ್ನು ನಾನು ಒಂದು ಮುಷ್ಟಿ ಅಂತ ಕೇಳಿಸಿಕೊಂಡು ನಾಲ್ಕು ಗಿಡದ ಎಲೆಯಂಚು ಹಪ್ಪಳದ ಹಾಗೆ ಮುರುಟಿತು. ಕೊನೆಗೆ ಉಳಿದದ್ದು ಯಾರಿಗೂ ಹೇಳಿಕೊಳ್ಳಲು ಸ್ವಾರಸ್ಯವಿಲ್ಲದ ಕೆಲಸಗಳು. ಬೆಳಿಗ್ಗೆಯೇ ನೀರು, ಬುಡಕ್ಕೆ ಮಾತ್ರ. ಕುಂಡದಿಂದ ಕುಂಡಕ್ಕೆ ಮೊಳದುದ್ದ ಜಾಗ, ಒಂದರ ಎಲೆ ಒಂದಕ್ಕೆ ತಾಗಕೂಡದು. ಮಣ್ಣಿನಿಂದ ಒಂದು ಗೇಣಿನವರೆಗೆ ಎಲೆಯೇ ಇರಕೂಡದು. ನಡುವಿನ ಕಡ್ಡಿಗಳನ್ನು ಕತ್ತರಿಸಿ ಗಿಡವನ್ನು ಬಟ್ಟಲಿನ ಹಾಗೆ ಬಿಡಿಸಿ, ಒಳಗೆ ಗಾಳಿ ಓಡಾಡಬೇಕು. ಉದುರಿದ ಎಲೆಯನ್ನು ಅವತ್ತೇ ಹೆಕ್ಕಿ ಮನೆಯಾಚೆ ಹಾಕಬೇಕು. ಇಷ್ಟೇ. ಇದನ್ನು ದಿನಾ ಮಾಡಬೇಕು ಅನ್ನುವುದೊಂದೇ ಇದರ ಗುಟ್ಟು, ದಿನಾ ಮಾಡುವವರು ಸಿಗುವುದಿಲ್ಲ ಅನ್ನುವುದೇ ಔಷಧಿ ಅಂಗಡಿಯವನ ಬದುಕು.

ಮೊದಲ ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬಂತು. ಎಲೆಯ ಮೇಲೆ ಮಸಿಯ ಹನಿ ಬಿದ್ದ ಹಾಗೆ ಚುಕ್ಕೆ, ಸುತ್ತ ಹಳದಿ, ಆಮೇಲೆ ಎಲೆಯೇ ನೆಲಕ್ಕೆ. ಹದಿನೈದು ದಿನದಲ್ಲಿ ಅರ್ಧ ಗಿಡಗಳು ಗರಿ ಕಿತ್ತ ಕೋಳಿಯ ಹಾಗೆ ನಿಂತವು. ಆಗ ನಂಜುಂಡಪ್ಪ ಅಂಕಲ್ ನನ್ನನ್ನು ಗೇಟಿನ ಹತ್ತಿರ ಹಿಡಿದರು. ಚಪ್ಪಲಿ ಗೂಡಿನ ಹಿಂದಿನಿಂದ ಒಂದು ಪೊಟ್ಟಣ ತೆಗೆದರು.

“ಒಂದೇ ಚಮಚ ಕಣಮ್ಮ. ಬಕೆಟ್ ನೀರಿಗೆ. ಅವಳಿಗೆ ಹೇಳ್ಬೇಡ.”

“ಅಂಕಲ್, ಆಂಟಿ ಅದೇ ಹೂವಿನ ನೀರು ಕುಡೀತಾರೆ.”

“ನಾನೂ ಲಿಂಗ ಕಟ್ಕೊಂಡಿರೋನೇ. ನಾನೂ ಕುಡೀತೀನಿ. ನನ್ ಹೆಸ್ರೇನು ಹೇಳು?”

“ನಂಜುಂಡಪ್ಪ.”

“ಮತ್ತೆ? ನಂಜು ಉಂಡೋನೇ ನಾನು. ಏನೂ ಆಗಲ್ಲ, ಹಾಕು.”

ಇಂಥ ಮಾತಿಗೆ ಬಗ್ಗದ ಅಧಿಕಾರಿ ನಾನು ಅಂತ ಬರೆಯಬಹುದಿತ್ತು. ನಿಜ ಹೇಳುತ್ತೇನೆ, ಪೊಟ್ಟಣ ತೆಗೆದುಕೊಂಡೆ, ಮೇಲೆ ಹೋದೆ, ನೀರಿಗೆ ಕದಡಿದೆ ಕೂಡ. ಆಗ ಸರಿಯಾಗಿ ಫೋನು. ಆಂಟಿ ಗಿಡಗಳ ಬಗ್ಗೆ ಕೇಳುವ ಮೊದಲು, “ತಿಂಡಿ ತಿಂದ್ಯೇನೇ?” ಅಂದರು. ಅವತ್ತು ತಿಂದಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ನೀಲಿ ನೀರಿನ ಬಕೆಟ್ಟು ನೋಡುತ್ತಾ ನಿಂತೆ. ಆಮೇಲೆ ಎಲ್ಲವನ್ನೂ ತಾರಸಿಯ ಮೋರಿಗೆ ಸುರಿದು, ಹೇಳಿಬಿಟ್ಟೆ. ನನಗಿಂತ ಅಂಕಲ್‌ಗೆ ಬೈಗುಳ ಜಾಸ್ತಿ ಬಿತ್ತು. ಅವರು ಇನ್ನು ತಾರಸಿಯ ಮೆಟ್ಟಿಲಿಗೆ ಕಾಲಿಡಕೂಡದು ಅಂತ ಆಂಟಿ ಆಜ್ಞೆ ಮಾಡಿದರು. ಅಂಕಲ್ ಪಾಪ, ಪಾಲಿಸಿದರು.

ಆ ಮಳೆಗಾಲದಲ್ಲೇ ಆಂಟಿಯ ನಿಯಮ ಜಾರಿಗೆ ಬಂದದ್ದು. ಒಂದು ಗಿಡಕ್ಕೆ ಮೂರು ಸಲ ರೋಗ ಬಂದರೆ ಕಿತ್ತು ಹಾಕುವುದು. ಎಷ್ಟು ಚಂದದ ಹೂವಾಗಿರಲಿ, ಎಷ್ಟು ದೂರದಿಂದ ತಂದದ್ದಾಗಿರಲಿ.

“ನಮ್ಮ ಹವಾಕ್ಕೆ ಒಗ್ಗದೇ ಇರೋದನ್ನ ಎಷ್ಟು ದಿನ ಅಂತ ಎತ್ತಿ ಆಡಿಸ್ತೀಯೆ? ಒಗ್ಗೋದು ಇರ್ಲಿ, ಬೇರೇದು ಹೋಗ್ಲಿ.”

ಔಷಧಿಯಿಲ್ಲದೆ ಗುಲಾಬಿ ಬೆಳೆಸುವುದು ಅಂದರೆ ಪುಸ್ತಕದಲ್ಲಿ ಏನು ಬರೆದಿರುತ್ತಾರೋ ಗೊತ್ತಿಲ್ಲ. ನನ್ನ ಸೇವೆಯಲ್ಲಿ ಅದು ಹೆಚ್ಚಾಗಿ ಗಿಡ ಕೀಳುವ ಕೆಲಸವಾಗಿತ್ತು. ಹಳದಿ ಹೋಯಿತು. ಎರಡು ಬಣ್ಣದ್ದು ಹೋಯಿತು. ತಟ್ಟೆಯಗಲದ ಕೆಂಪು ಹೋಯಿತು, ಅದನ್ನು ಕೀಳುವಾಗ ನನಗೂ ಅಳು ಬಂದು, ಆಂಟಿಗೆ ಕೇಳದಿರಲಿ ಅಂತ ನೆಗಡಿ ಅಂದೆ. ಒಂದು ವರ್ಷ ಕಳೆಯುವ ಹೊತ್ತಿಗೆ ಇಪ್ಪತ್ತೆಂಟು ಹನ್ನೊಂದಾಗಿತ್ತು. ಆ ಹನ್ನೊಂದೂ ಗಟ್ಟಿ. ಅವುಗಳಲ್ಲಿ ಪನ್ನೀರು ಗುಲಾಬಿಯಂತೂ, ನಾನೇ ಕೈಯಾರೆ ಬೂದಿ ಹಾಕಿದ ಆ ಮೂರರಲ್ಲಿ ಒಂದಾದರೂ, ಒಂದು ದಿನವೂ ಸೀನಿದ್ದನ್ನು ನಾನು ನೋಡಲಿಲ್ಲ. ತಿಳಿಗುಲಾಬಿ ಬಣ್ಣ, ಹೂ ಸಣ್ಣದು, ವಾಸನೆ ಮೂರು ಮನೆಗೆ ಸಾಕು. ಮಳೆಯಲ್ಲಿ ಉಳಿದ ಹತ್ತೂ ಮೊಗ್ಗು ಬಿಚ್ಚಲಾರದೆ ಕೊಳೆಸಿಕೊಂಡರೂ ಪನ್ನೀರು ದಿನಕ್ಕೊಂದು ಹೂ ಕೊಟ್ಟೇ ಕೊಡುತ್ತಿತ್ತು. ಆಂಟಿಯ ಪೂಜೆಗೆ ಬೇಕಾದ್ದು ಒಂದೇ ಹೂ.

ತೋಟ ಚೆನ್ನಾಯಿತು. ನನ್ನ ಗತಿ ಕೆಟ್ಟಿತು.

“ಎಲ್ಲಾ ಚೆನ್ನಾಗಿದ್ಯೇನೇ?”

“ಚೆನ್ನಾಗೈತೆ ಆಂಟಿ.”

“ಸರಿ ಹಂಗಾರೆ.”

ಕರೆ ಮುಗಿಯಿತು. ನಲವತ್ತು ನಿಮಿಷ ಇಪ್ಪತ್ತಾಗಿ, ಹತ್ತಾಗಿ, ಕೊನೆಗೆ ಒಂದು ನಿಮಿಷವೂ ತುಂಬುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಎರಡನೇ ಪಿಯುಸಿ ಪರೀಕ್ಷೆ ಮುಗಿದು ಕಾಲೇಜೂ ಇರಲಿಲ್ಲ. ಹನ್ನೊಂದು ಗಿಡದ ಕೆಲಸ ಅರ್ಧ ಗಂಟೆ. ಉಳಿದ ಹೊತ್ತು ತಾರಸಿಯಲ್ಲಿ ಖಾಲಿ ಕುಂಡಗಳ ಗುರುತನ್ನು ಎಣಿಸುತ್ತಾ ಕೂರುತ್ತಿದ್ದೆ. ಹದಿನೇಳು ದುಂಡು ಕಲೆಗಳು. ಕೆಳಗಿನಿಂದ ಆಂಟಿಯ ಮಿಕ್ಸಿಯ ಸದ್ದು, ಅಂಕಲ್ ಸ್ಕೂಟರಿನ ಸದ್ದು, ಆಮೇಲೆ ಏನೂ ಇಲ್ಲ. ಒಂದು ಸಲ ಕಾಲಿನಿಂದ ನೆಲವನ್ನು ಮೂರು ಸಲ ಒದ್ದೆ, ಮೇಲೆ ಏನದು ಅಂತ ಕೇಳಲಿ ಅಂತ. ಇಲಿ ಅಂದುಕೊಂಡಿರಬೇಕು. ಕೇಳಲಿಲ್ಲ.

ಎರಡನೆಯ ಮಳೆಗಾಲ ಶುರುವಾದ ಒಂದು ದಿನ ಪನ್ನೀರಿನ ಬುಡದಲ್ಲಿ ಒಂದೇ ಒಂದು ಹಳದಿ ಎಲೆ ಇತ್ತು. ಎಲೆಗೆ ವಯಸ್ಸಾಗಿತ್ತು, ಅಷ್ಟೇ.

“ಎಲ್ಲಾ ಚೆನ್ನಾಗಿದ್ಯೇನೇ?”

“ಆಂಟಿ, ಪನ್ನೀರು ಯಾಕೋ ಸಪ್ಪಗೈತೆ.”

“ಸಪ್ಪಗೆ ಅಂದ್ರೆ?”

ಆ ಪ್ರಶ್ನೆಯಲ್ಲಿ ಹಳೆಯ ಆಂಟಿ ಇದ್ದರು. ಕೂತುಕೊಂಡು ಕೇಳುವ ಆಂಟಿ. ನಾನು ಎಲೆಗೆ ಒಂದು ಚುಕ್ಕೆ ಇಟ್ಟೆ. ಬಾಯಲ್ಲಿ. ಅವತ್ತು ಕರೆ ಹದಿನೆಂಟು ನಿಮಿಷ. ಮರುದಿನ ಚುಕ್ಕೆಗೆ ಅಂಚು ಬಂತು, ಅದರ ಮರುದಿನ ತಮ್ಮ ಹುಟ್ಟಿದ. ಮುಂದಿನ ದಿನಗಳಲ್ಲಿ ರೋಗವನ್ನು ಎರಡು ಸಲ ವಾಸಿ ಮಾಡಿ, ಎರಡು ಸಲ ಮತ್ತೆ ಬರಿಸಿದೆ. ನಡುನಡುವೆ ರುಚಿಗೆ ಬೇರೆ ಕತೆಗಳು: ಮೀಸೆಯಿರುವ ಒಂದು ಹುಳ, ಅದು ನನ್ನನ್ನು ಕಂಡರೆ ಎಲೆಯ ಹಿಂದೆ ಅವಿತುಕೊಳ್ಳುವ ರೀತಿ, ಥೇಟ್ ಅಂಕಲ್ ಆಂಟಿಯನ್ನು ಕಂಡಾಗ. ಆಂಟಿ ನಕ್ಕು ನಕ್ಕು ಕೆಮ್ಮುತ್ತಿದ್ದರು. “ಅಯ್ಯೋ ಸಾಕು ಮಾಡೇ, ಹೊಟ್ಟೆ ನೋಯ್ತದೆ” ಅನ್ನುತ್ತಿದ್ದರು. ಬೇರೆ ಯಾವ ಗಿಡಕ್ಕೆ ರೋಗ ಅಂದರೂ ಕೀಳು ಅಂದಾರು, ಪನ್ನೀರನ್ನು ಮಾತ್ರ ಕೀಳಿಸಲಾರರು ಅಂತ ನನ್ನ ಅಂದಾಜು. ಅದಕ್ಕೇ ಅದನ್ನೇ ಆರಿಸಿಕೊಂಡಿದ್ದೆ. ಅಷ್ಟು ಚಾಲಾಕಿ ನಾನು.

“ಹೂವು ಚೆನ್ನಾಗೇ ಕಾಣ್ತದಲ್ಲೇ?” ಅಂದರು ಒಂದು ದಿನ ಕಿಟಕಿಯಲ್ಲಿ.

“ಹೂವಿಗೆ ಇನ್ನೂ ಗೊತ್ತಾಗಿಲ್ಲ ಆಂಟಿ.”

“ಒಂದು ಎಲೆ ತಂದು ತೋರ್ಸು ನೋಡಾನ.”

ಇಲ್ಲಿ ಬೇರೆಯವರಾದರೆ ಸಿಕ್ಕಿಬೀಳುತ್ತಿದ್ದರು. ನಾನು ಮರುದಿನ ಬರುವಾಗ ಪಕ್ಕದ ರಸ್ತೆಯ ಒಂದು ಕಾಂಪೌಂಡಿನಿಂದ ಕಪ್ಪು ಚುಕ್ಕೆ ಹಿಡಿದ ಒಂದು ಎಲೆ ಕಿತ್ತು, ನಮ್ಮ ಗಿಡಗಳಿಗೆ ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬಾಂಬಿನ ಹಾಗೆ ಹಿಡಿದು ತಂದೆ. ಕಿಟಕಿಯ ಒಳಗಿನ ಕೈ ಆ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿತು. ಬಹಳ ಹೊತ್ತು ನೋಡಿತು.

ಎರಡು ವಾರ ಕಳೆದು ಒಂದು ಭಾನುವಾರ ಆಂಟಿ ಅಂದರು, “ಮೂರು ಸಲ ಆಯ್ತಲ್ಲೇ. ಕಿತ್ತ್‌ಬುಡು.”

“ಏನನ್ನ?”

“ಪನ್ನೀರನ್ನ.”

“ಆಂಟಿ, ಅದು ಪನ್ನೀರು!”

“ಬೇರೇವಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯವಾ? ಉಳಿದ ಹತ್ತಕ್ಕೆ ಅಂಟಿಸ್ಬುಟ್ರೆ? ನಾಳೆ ಸೋಮವಾರ, ಬೇಡ. ಮಂಗಳವಾರ ಕೀಳು.” ಸ್ವಲ್ಪ ತಡೆದು, “ಬೇರು ಉಳಿಸ್ಬೇಡ” ಅಂದರು. ಧ್ವನಿ ಗಟ್ಟಿಯಾಗಿಯೇ ಇತ್ತು. ಬೇಕಂತ ಗಟ್ಟಿ ಮಾಡಿಕೊಂಡ ಧ್ವನಿ ಹೇಗಿರುತ್ತದೆ ಅಂತ ಮಿಮಿಕ್ರಿ ಮಾಡುವ ನನಗೆ ಗೊತ್ತು.

ಸೋಮವಾರ ಗೇಟಿನ ಹತ್ತಿರ ಅಂಕಲ್ ಸಿಕ್ಕಿದರು. ಸ್ಕೂಟರ್ ಒರೆಸುತ್ತಾ, ನನ್ನ ಕಡೆ ನೋಡದೆ, “ಏನಮ್ಮ, ಆ ಗಿಡ ಉಳಿಯೋ ಹಂಗೇ ಇಲ್ವಾ?” ಅಂದರು.

“ಯಾಕೆ ಅಂಕಲ್?”

“ಹದಿನೈದು ದಿನ ಆಯ್ತು, ಬರೀ ಬಿಲ್ವಪತ್ರೆ ಇಟ್ಟು ಪೂಜೆ ಮಾಡ್ತಾಳೆ. ನೀನು ಕೊಡೋ ಹೂವು ತಟ್ಟೇಲೇ ಬಾಡ್ತದೆ. ರೋಗ ಬಂದ ಗಿಡದ್ದು ಸ್ವಾಮಿಗೆ ಹೆಂಗಿಡ್ಲಿ ಅಂತಾಳೆ. ಮಾರ್ಕೆಟ್ಟಿಂದ ತರ್ಲಾ ಅಂದ್ರೆ, ಅದಕ್ಕೇನು ಹೊಡ್ದವರೋ ಅಂತಾಳೆ. ಪೂಜೆ ಮುಗಿಸಿ ಸುಮ್ನೆ ಕೂತಿರ್ತಾಳೆ ಕಣಮ್ಮ.”

ಅವತ್ತೂ ಹೂ ಬಿಡಿಸಿ ಕಿಟಕಿಗೆ ಹಿಡಿದೆ. ಕೈ ಬಂದು ತೆಗೆದುಕೊಂಡಿತು. ಒಳಗೆ ಹೋಗಿ ಅದು ಏನಾಗುತ್ತದೆ ಅಂತ ಈಗ ನನಗೆ ಗೊತ್ತಿತ್ತು.

ಮಂಗಳವಾರ ಸಣ್ಣ ಮಳೆ. ಹಾರೆ ಹಿಡಿದು ಪನ್ನೀರಿನ ಮುಂದೆ ನಿಂತೆ. ಕಿತ್ತುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಿಯಮ ಪಾಲಿಸಿದ ಮೇಲ್ವಿಚಾರಕಿ ಅಂತ ಹೆಸರೂ ಉಳಿಯುತ್ತದೆ. ಆರೂವರೆಯ ಫೋನಿನಲ್ಲಿ ಆಂಟಿ ಅಳಬಹುದು, ನಾನು ಸಮಾಧಾನ ಮಾಡಬಹುದು, ಅದಕ್ಕೇ ಒಂದು ಗಂಟೆ ಹಿಡಿದೀತು. ಹೀಗೆಲ್ಲ ಯೋಚಿಸಿದೆ ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದೆ. ಗಿಡದಲ್ಲಿ ಅವತ್ತು ಮೂರು ಹೂವಿದ್ದವು. ಎಲೆಯ ಮೇಲಿನ ಹನಿ ಜಾರಿ ಜಾರಿ ಬೀಳುತ್ತಿತ್ತು, ಒಂದು ಚುಕ್ಕೆಯಿಲ್ಲ. ಆರೂವರೆಯಾಗುವ ಮೊದಲು ನಾನೇ ಫೋನು ಮಾಡಿದೆ.

“ಕಿತ್ತಾಯ್ತೇನೇ?”

“ಇಲ್ಲ ಆಂಟಿ. ಅದಕ್ಕೆ ಏನೂ ಆಗಿಲ್ಲ.”

“ಏನೂ ಅಂದ್ರೆ?”

“ಏನೂ ಇಲ್ಲ. ರೋಗಾನೇ ಬಂದಿಲ್ಲ. ನಾನೇ ಹೇಳ್ದೆ, ಅಷ್ಟೇ.”

“ಆ ಎಲೆ?”

“ಪಕ್ಕದ್ ರೋಡಿಂದು.”



“ಯಾಕೇ?” ಅಂದರು ಆಂಟಿ.

ತಮಾಷೆ ಒಂದೂ ಬರಲಿಲ್ಲ. “ಎಲ್ಲಾ ಚೆನ್ನಾಗೈತೆ ಅಂದ್ರೆ ನೀವು ಫೋನ್ ಇಟ್ಟುಬುಡ್ತಿದ್ರಿ” ಅಂದೆ.

ಫೋನು ಕಟ್ಟಾಯಿತು.

ಆಮೇಲೆ ಕೆಳಗೆ ಬಾಗಿಲು ತೆಗೆದ ಸದ್ದು. ಅಂಕಲ್ ಧ್ವನಿ: “ಗಿರಿಜಾ, ಬೇಡ ಕಣೇ! ಮಳೆ ಬೇರೆ! ಡಾಕ್ಟ್ರು ಏನಂದ್ರು?”

“ಡಾಕ್ಟ್ರೇ ಹತ್ತು ಅಂದಿದ್ದು. ಬುಡ್ರೀ ಕೈಯ.”

ಕೋಲು ಒಂದು ಸದ್ದು, ಕಾಲು ಎರಡು ಸದ್ದು, ಆಮೇಲೆ ಉಸಿರು. ನಾನು ಓಡಿಹೋಗಿ ಹಿಡಿಯಬೇಕಿತ್ತು. ಹಾರೆ ಹಿಡಿದು ನಿಂತೇ ಇದ್ದೆ. ಕೊನೆಗೆ ಮೆಟ್ಟಿಲ ಬಾಯಲ್ಲಿ ಒದ್ದೆಯಾದ ಒಂದು ತಲೆ ಕಂಡಿತು. ಆಂಟಿ ತಮ್ಮ ಧ್ವನಿಗಿಂತ ಬಹಳ ಗಿಡ್ಡ. ನನ್ನ ಕಡೆ ನೋಡಲಿಲ್ಲ. ಹದಿನೇಳು ಖಾಲಿ ಗುರುತುಗಳನ್ನು ದಾಟಿ ನೇರ ಪನ್ನೀರಿನ ಹತ್ತಿರ ಹೋಗಿ, ಎಲೆಯನ್ನು ಮೇಲೆ ನೋಡಿದರು, ಮಗುಚಿ ನೋಡಿದರು. ಇನ್ನೊಂದು ಎಲೆ. ಮತ್ತೊಂದು. ಹಾಗೇ ಉಳಿದ ಹತ್ತನ್ನೂ ನೋಡಿದರು. ನನ್ನ ಒಂದೂವರೆ ವರ್ಷದ ಕೆಲಸವನ್ನು ಯಾರಾದರೂ ಕಣ್ಣಿನಿಂದ ನೋಡಿದ್ದು ಅದೇ ಮೊದಲು.

“ಕೆಲಸ ಚೆನ್ನಾಗಿ ಮಾಡಿದ್ದೀಯ” ಅಂದರು. ಹೊಗಳಿಕೆಯ ಹಾಗೆ ಕೇಳಲಿಲ್ಲ. ಆಮೇಲೆ, “ಹದಿನೈದು ದಿನ ಸ್ವಾಮಿನ ಬರಿಗೈಲಿ ಕೂರಿಸ್ದೆ ಕಣೇ.”

“ಗೊತ್ತು ಆಂಟಿ. ನಿನ್ನೆ ಅಂಕಲ್ ಹೇಳಿದ್ರು.”

ಅವರು ಪನ್ನೀರಿನ ಒಂದು ಹೂವನ್ನು ತಾವೇ ಬಿಡಿಸಿಕೊಂಡು ಸೆರಗಿಗೆ ಕಟ್ಟಿದರು. ಉಳಿದ ಎರಡನ್ನು ಗಿಡದಲ್ಲೇ ಬಿಟ್ಟರು.

“ನಾಳೆಯಿಂದ ನೀನು ಬರ್ಬೇಡ.”

ನಾನು ತಲೆಯಾಡಿಸಿದೆ.

“ಕೋಪಕ್ಕೆ ಹೇಳ್ತಾ ಇಲ್ಲ. ಕೋಪ ಇದೆ, ಅದು ಬೇರೆ. ನೀನು ಬಂದ್ರೆ ನಾನು ಹತ್ತಲ್ಲ. ಇಷ್ಟು ದಿನ ನೀನು ಹೇಳ್ತಾ ಹೋದೆ, ನಾನು ಕೇಳ್ತಾ ಕೂತೆ. ಹಂಗೇ ಇದ್ದುಬುಡ್ತಿದ್ದೆ.”

ಅವರು ಹತ್ತಿ ಬರಲಿ ಅಂತ ಒಂದೂವರೆ ವರ್ಷ ಕಾದಿದ್ದೆ. ಬಂದ ದಿನವೇ ನನ್ನ ಹುದ್ದೆ ರದ್ದಾಯಿತು. ಬೀಳ್ಕೊಡುಗೆ ಸಮಾರಂಭ ಇರಲಿಲ್ಲ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಅಂತ ಆಂಟಿಗೆ ಮೆಟ್ಟಿಲ ಬಾಯಿಗೆ ಬಂದ ಮೇಲೆ ಗೊತ್ತಾಯಿತು. ಬಿದ್ದದ್ದೂ ಇಳಿಯುವಾಗಲೇ. ಅಂಕಲ್ ಕೆಳಗೆ ಗೇಟಿನ ಹತ್ತಿರ ಎರಡು ಕೈಯನ್ನೂ ಎತ್ತಿ ಹಿಡಿದು ನಿಂತಿದ್ದರು, ಆಕಾಶದಿಂದ ತೆಂಗಿನಕಾಯಿ ಬೀಳುತ್ತದೆ ಅನ್ನುವವರ ಹಾಗೆ. ಆಂಟಿ ನನ್ನ ಭುಜದ ಮೇಲೆ ಕೈಯಿಟ್ಟರು. ಕಿಟಕಿಯ ಆ ಕೈ. ಅದಕ್ಕೆ ಅಷ್ಟು ಭಾರ ಇರುತ್ತದೆ ಅಂತ ಗೊತ್ತಿರಲಿಲ್ಲ.

“ಕೆಳಗೆ ನೋಡಿದ್ರೆ ತಲೆ ತಿರುಗ್ತದೆ. ನಾನು ಕಣ್ಣು ಮುಚ್ಕೊತೀನಿ, ನೀನೇ ಹೇಳೇ.”

ಹೇಳುತ್ತಾ ಹೋದೆ. ಇಲ್ಲೊಂದು ಆಂಟಿ. ಈಗ ಇನ್ನೊಂದು. ಇದು ಸ್ವಲ್ಪ ಒದ್ದೆ, ಮೆಲ್ಲಗೆ. ಇಲ್ಲಿ ತಿರುವು. ಒಂದು ಅಕ್ಷರವನ್ನೂ ಉಬ್ಬಿಸದೆ, ಇದ್ದದ್ದನ್ನು ಇದ್ದ ಹಾಗೆ. ಕೊನೆಯದನ್ನು ಇಳಿದು ಇಬ್ಬರೂ ಅಂಗಳದ ಸಿಮೆಂಟಿನ ಮೇಲೆ ನಿಂತೆವು. ಆಂಟಿ ಕಣ್ಣು ಬಿಟ್ಟಿರಲಿಲ್ಲ. ಕೈ ಇನ್ನೂ ನನ್ನ ಭುಜದ ಮೇಲೇ ಇತ್ತು.

“ಮುಗೀತೇನೇ?”

“ಇನ್ನೊಂದೈತೆ ಆಂಟಿ” ಅಂದೆ.

ಆಂಟಿ ನನ್ನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡು, ಕಾಲನ್ನು ಮುಂದಕ್ಕೆ ಚಾಚಿ, ಸಮ ನೆಲದ ಮೇಲೆ ಆ ಮೆಟ್ಟಿಲನ್ನೂ ನಿಧಾನವಾಗಿ ಇಳಿದರು.